ಕಾರಿನ ಹಿಂಬದಿಯಲ್ಲಿ ಮಲಗುವುದು: ಅಪಾಯ ಎಸಿಯದ್ದೋ, ಆಮ್ಲಜನಕದ್ದೋ, ಅಥವಾ ಬೇರೆ ಯಾವುದರದ್ದೋ?

ಸಾಲು ಸಾಲು ರಜೆ ಬಂತೆಂದರೆ ಸಾಕು, ಕಾರಿನ ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಚಿಕ್ಕಮಗಳೂರಿನ ಕಡೆಗೋ ಗೋಕರ್ಣದ ಕಡೆಗೋ ಹೊರಡುವವರು ಈಗ ಹೆಚ್ಚಾಗಿದ್ದಾರೆ. ರೂಮಿನ ಬಾಡಿಗೆ ಉಳಿಯುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು, ಬೆಳಗ್ಗೆ ಎದ್ದರೆ ಕಣ್ಣೆದುರೇ ಬೆಟ್ಟ. ಇದರ ಜೊತೆಗೇ ವಾಟ್ಸಾಪ್‌ನಲ್ಲಿ ಎಚ್ಚರಿಕೆಯ ಸಂದೇಶಗಳೂ ಹರಿದಾಡುತ್ತಿವೆ. "ಕಾರಿನಲ್ಲಿ ಎಸಿ ಹಾಕಿ ಮಲಗಿದರೆ ಎಸಿ ಗ್ಯಾಸ್‌ನಿಂದ ಸಾವು", "ಗಾಜು ಮುಚ್ಚಿ ಮಲಗಿದರೆ ಆಮ್ಲಜನಕ ಖಾಲಿಯಾಗುತ್ತದೆ", "ಡ್ಯಾಶ್‌ಬೋರ್ಡ್‌ನಿಂದ ಬೆಂಜೀನ್ ಬಂದು ಕ್ಯಾನ್ಸರ್ ಆಗುತ್ತದೆ", "ಗಾಜು ಒಂದು ಇಂಚು ಇಳಿಸಿದರೆ ಏನೂ ಆಗುವುದಿಲ್ಲ" ಹೀಗೆ.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಕೊನೆಯದು ಮಾತ್ರ ಜೀವಕ್ಕೇ ಕುತ್ತು ತರಬಲ್ಲ ಮಾತು. ಒಂದೊಂದನ್ನಾಗಿ ನೋಡೋಣ. ಆಮೇಲೆ, ಕಾರಿನಲ್ಲಿ ನಿಜಕ್ಕೂ ಆರಾಮವಾಗಿ ಮಲಗುವುದು ಹೇಗೆ ಎಂಬುದನ್ನೂ ತಿಳಿಯೋಣ.

"ಎಸಿ ಗ್ಯಾಸ್‌ನಿಂದ ಸಾವು" – ಅರ್ಧ ಸತ್ಯ

ನಿಂತ ಕಾರಿನಲ್ಲಿ ಎಸಿ ಹಾಕಿ ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಇಂಥ ಸಾವುಗಳಲ್ಲಿ ಮುಖ್ಯ ಆರೋಪಿ ಎಸಿಯೊಳಗಿನ ತಂಪುಕಾರಕ ಗ್ಯಾಸ್ ಅಲ್ಲ, ಎಸಿಯನ್ನು ನಡೆಸಲು ಓಡುತ್ತಿರುವ ಇಂಜಿನ್‌ನ ಹೊಗೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಕಿರಿಕಿರಿಯನ್ನೂ ಮಾಡುವುದಿಲ್ಲ.

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೂ ತಲುಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಮೊದಲೇ ಯಾರೋ ಕೂತು ಏಳದಿದ್ದರೆ ಹೇಗೋ ಹಾಗೆ, ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ಉಸಿರಾಟ ನಡೆಯುತ್ತಲೇ ಇರುತ್ತದೆ, ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಕಾಣಿಸುತ್ತದೆ. ಮಲಗಿದವರಿಗೆ ಇದಾವುದೂ ಗೊತ್ತಾಗದೆ ನಿದ್ರೆಯಲ್ಲೇ ಪ್ರಜ್ಞೆ ತಪ್ಪಬಹುದು.

ಕಾರು ಓಡುವಾಗ ಹೊಗೆ ಹಿಂದೆ ಉಳಿಯುತ್ತದೆ. ನಿಂತಾಗ ಅದು ಕಾರಿನ ಕೆಳಗೂ ಸುತ್ತಲೂ ಸೇರಿಕೊಳ್ಳುತ್ತದೆ. ಸೈಲೆನ್ಸರ್ ಪೈಪು ತೂತಾಗಿದ್ದರೆ, ಅದರ ಬಾಯಿಗೆ ಮಣ್ಣಿನ ದಿಬ್ಬವೋ ಗೋಡೆಯೋ ಎತ್ತರದ ಹುಲ್ಲೋ ಅಡ್ಡವಿದ್ದರೆ, ಅಥವಾ ಗಾಳಿ ಹಿಂದಿನಿಂದ ಮುಂದಕ್ಕೆ ಬೀಸುತ್ತಿದ್ದರೆ ಹೊಗೆ ಒಳಗೆ ನುಗ್ಗುವುದು ಸುಲಭ. ಎಸಿಯ ಫಿಲ್ಟರ್ ದೂಳನ್ನು ತಡೆಯುತ್ತದೆ, ಈ ಅನಿಲವನ್ನಲ್ಲ. "ನಮ್ಮದು ಹೊಸ ಬಿಎಸ್-6 ಗಾಡಿ" ಎಂಬ ಧೈರ್ಯವೂ ಬೇಡ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ವಾಹನದ ಜನರೇಟರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೋರಿತ್ತು ಎಂದು ಕಲ್ಲಿಕೋಟೆ ಎನ್‌ಐಟಿ ತಜ್ಞರು ಪರೀಕ್ಷಿಸಿ ಹೇಳಿದರು. ಮಲಗಲೆಂದೇ ಮಾಡಿದ ವಾಹನದಲ್ಲೇ ಹೀಗಾದರೆ ನಮ್ಮ ನಿಮ್ಮ ಕಾರುಗಳ ಮಾತೇನು?

"ಗಾಜು ಒಂದು ಇಂಚು ಇಳಿಸಿದರೆ ಸಾಕು" – ಅಪಾಯಕಾರಿ ಸುಳ್ಳು

ಇಂಜಿನ್ ಓಡುತ್ತಿರುವಾಗ ಗಾಜು ಇಳಿಸುವುದು ರಕ್ಷಣೆಯಲ್ಲ. ಹೊರಗೆ ಸೇರಿಕೊಂಡ ಹೊಗೆ ಆ ಸಂದಿಯಿಂದಲೇ ಒಳಗೆ ಬರಬಹುದು. ಹಿಂಬದಿಯಲ್ಲಿ ಮಲಗುವವರಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸೈಲೆನ್ಸರ್ ಬಾಯಿ ಇರುವುದೇ ಅಲ್ಲಿ. ಡಿಕ್ಕಿ ಬಾಗಿಲು ತೆರೆದಿಟ್ಟು ಗಾಡಿ ಓಡಿಸಿದರಂತೂ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಒಳಗೆ ಸೆಳೆದುಕೊಳ್ಳುತ್ತದೆ. ಟಾರ್ಪಾಲು ಮುಚ್ಚಿದ ಪಿಕಪ್‌ಗಳ ಹಿಂಬದಿಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಊರಿಗೆ, ಜಾತ್ರೆಗೆ ಹೋಗುವವರು ಇದನ್ನು ನೆನಪಿಡಬೇಕು.

ನಿಯಮ ಒಂದೇ: ಮಲಗುವಾಗ ಇಂಜಿನ್ ಬಂದ್. ಎಸಿಗೂ ಇಲ್ಲ, ಹೀಟರ್‌ಗೂ ಇಲ್ಲ, ಮೊಬೈಲ್ ಚಾರ್ಜಿಗೂ ಇಲ್ಲ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಇದರಿಂದ ವಿನಾಯಿತಿ, ಅದರಲ್ಲಿ ಹೊಗೆಯೇ ಇಲ್ಲ. ಹೈಬ್ರಿಡ್ ಕಾರಿಗೆ ಈ ವಿನಾಯಿತಿ ಇಲ್ಲ. ಬ್ಯಾಟರಿ ಇಳಿದರೆ ಅದರ ಇಂಜಿನ್ ತಾನಾಗಿಯೇ ಚಾಲೂ ಆಗುತ್ತದೆ.

"ಆಮ್ಲಜನಕ ಖಾಲಿಯಾಗುತ್ತದೆ" – ಲೆಕ್ಕ ಬೇರೆಯೇ ಇದೆ

ಇಂಜಿನ್ ಬಂದ್ ಮಾಡಿ ಎಲ್ಲ ಗಾಜು ಏರಿಸಿ ಮಲಗಿದರೆ? ಸಾಧಾರಣ ಕಾರಿನೊಳಗೆ ಸುಮಾರು 3,000 ಲೀಟರ್ ಗಾಳಿ ಇರುತ್ತದೆ ಎಂದುಕೊಳ್ಳಿ. ಅದರಲ್ಲಿ ಆಮ್ಲಜನಕ ಶೇ 21, ಅಂದರೆ ಸುಮಾರು 630 ಲೀಟರ್. ಆರಾಮವಾಗಿರುವ ಒಬ್ಬ ವ್ಯಕ್ತಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಬಳಸುತ್ತಾನೆ. ಇಬ್ಬರಿದ್ದರೆ ಗಂಟೆಗೆ 30 ಲೀಟರ್. ಕಾರು ಪೂರ್ತಿ ಗಾಳಿಯಾಡದ ಡಬ್ಬಿಯಾಗಿದ್ದರೂ ಮೊದಲ ಗಂಟೆಯಲ್ಲಿ ಆಮ್ಲಜನಕ 21ರಿಂದ 20ಕ್ಕೆ ಇಳಿಯುತ್ತದೆ, ಅಷ್ಟೆ.

ಮೊದಲು ತೊಂದರೆ ಕೊಡುವುದು ನಾವು ಹೊರಬಿಡುವ ಕಾರ್ಬನ್ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಸುಮಾರು ಶೇ 0.04 ಮಾತ್ರ. ಇಬ್ಬರು ಒಂದು ಗಂಟೆಯಲ್ಲಿ 24 ಲೀಟರಿನಷ್ಟು ಬಿಟ್ಟರೆ ಮುಚ್ಚಿದ ಕಾರಿನಲ್ಲಿ ಅದು ಶೇ 0.8ರ ಹತ್ತಿರ ಏರುತ್ತದೆ. ಅಂದರೆ ಸುಮಾರು 20 ಪಟ್ಟು. ನಿಜವಾದ ಕಾರಿನಲ್ಲಿ ಬಾಗಿಲ ಸಂದಿಗಳಿಂದ ಗಾಳಿ ಒಂದಿಷ್ಟು ಓಡಾಡುವುದರಿಂದ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಬೆಳಗ್ಗೆ ತಲೆಭಾರ, ಉಸಿರುಗಟ್ಟಿದ ಅನುಭವ, ನಿದ್ದೆ ಮಾಡಿಯೂ ಮಾಡದಂತಿರುವುದು ಇದರಿಂದಲೇ.

ಆದ್ದರಿಂದ ಇಂಜಿನ್ ಬಂದ್ ಇರುವಾಗ ಎದುರುಬದುರಿನ ಎರಡು ಗಾಜುಗಳನ್ನು ಎರಡು ಬೆರಳಷ್ಟು ಇಳಿಸಿ. ಒಂದರಿಂದ ಗಾಳಿ ಬಂದು ಇನ್ನೊಂದರಿಂದ ಹೋಗುತ್ತದೆ. ಇನ್ನೊಂದು ಲಾಭವೂ ಇದೆ. ಉಸಿರು ಮತ್ತು ಚರ್ಮದ ಮೂಲಕ ಒಬ್ಬೊಬ್ಬರಿಂದಲೂ ರಾತ್ರಿಯಲ್ಲಿ ಒಂದು ಲೋಟಕ್ಕೂ ಹೆಚ್ಚು ನೀರು ಆವಿಯಾಗುತ್ತದೆ. ಅದು ಹೊರಗೆ ಹೋಗದಿದ್ದರೆ ತಣ್ಣನೆಯ ಗಾಜಿಗೆ ತಗುಲಿ ಹನಿಯಾಗಿ ಹಾಸಿಗೆಯ ಮೇಲೇ ಸುರಿಯುತ್ತದೆ.

"ಡ್ಯಾಶ್‌ಬೋರ್ಡ್‌ನ ಬೆಂಜೀನ್" – ಅಂಕಿಯೇ ತಪ್ಪು

ಇದು ವರ್ಷಗಳಿಂದ ಸುತ್ತುತ್ತಿರುವ ಹಳೆಯ ಫಾರ್ವರ್ಡ್. ಬೆಂಜೀನ್‌ನ ಸುರಕ್ಷಿತ ಮಟ್ಟ ಚದರ ಅಡಿಗೆ 50 ಮಿಲಿಗ್ರಾಂ, ಬಿಸಿಲಲ್ಲಿ ನಿಂತ ಕಾರಿನಲ್ಲಿ 2,000ದಿಂದ 4,000 ಮಿಲಿಗ್ರಾಂ ಎನ್ನುತ್ತದೆ ಅದು. ಚದರ ಅಡಿ ನೆಲವನ್ನು ಅಳೆಯುವ ಅಳತೆ. ಗಾಳಿಯಲ್ಲಿರುವ ಅನಿಲವನ್ನು ಘನ ಅಳತೆಯಲ್ಲಿ ಹೇಳಬೇಕು. ಹಾಲನ್ನು ಮೀಟರ್ ಲೆಕ್ಕದಲ್ಲಿ ಮಾರಿದ ಹಾಗಾಯಿತು ಇದು. ಅದೇ ಸಂದೇಶದಲ್ಲಿ ಬರುವ ಅಪಾಯದ ತಾಪಮಾನ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 16 ಡಿಗ್ರಿ ಸೆಲ್ಸಿಯಸ್. ಅದು ಬಳ್ಳಾರಿಯ ಬಿಸಿಲಲ್ಲ, ಮಡಿಕೇರಿಯ ಚಳಿ.

ಬೆಂಜೀನ್ ಕ್ಯಾನ್ಸರ್‌ಕಾರಕ ಎನ್ನುವುದು ನಿಜ. ಅದು ಪೆಟ್ರೋಲಿನಲ್ಲೂ ವಾಹನದ ಹೊಗೆಯಲ್ಲೂ ಇದೆ. ಬಿಸಿಲಲ್ಲಿ ನಿಂತ ಕಾರನ್ನು ಹತ್ತಿದಾಗ ಒಂದೆರಡು ನಿಮಿಷ ಗಾಜು ಇಳಿಸುವುದು ಒಳ್ಳೆಯ ಅಭ್ಯಾಸವೇ, ಬಿಸಿಗಾಳಿ ಬೇಗ ಹೊರಹೋಗುತ್ತದೆ. ಆದರೆ ರಾತ್ರಿ ಮಲಗುವವರು ಹೆದರಬೇಕಾದದ್ದು ಡ್ಯಾಶ್‌ಬೋರ್ಡಿಗಲ್ಲ, ಸೈಲೆನ್ಸರಿಗೆ.

ಚಳಿಗೆ ಕೆಂಡ, ಸೊಳ್ಳೆಗೆ ಬತ್ತಿ?

ಎರಡೂ ಬೇಡ. ಇದ್ದಿಲು ಹೊಗೆಯಿಲ್ಲದೆ ಕೆಂಪಗೆ ಉರಿಯುವಾಗಲೂ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಅಗ್ಗಿಷ್ಟಿಕೆ, ಗ್ಯಾಸ್ ಸ್ಟೌ, ಗ್ಯಾಸ್ ಹೀಟರ್ ಯಾವುದನ್ನೂ ಕಾರಿನೊಳಗೆ ಅಥವಾ ಟೆಂಟಿನೊಳಗೆ ಇಟ್ಟುಕೊಳ್ಳಬಾರದು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಪ್ರವಾಸ ಹೋಗಿದ್ದ ಕೇರಳದ 8 ಮಂದಿ ಚಳಿಗೆಂದು ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ಪ್ರಾಣ ಕಳೆದುಕೊಂಡರು. ಕಾರು ಆ ಕೋಣೆಗಿಂತ ಎಷ್ಟೋ ಚಿಕ್ಕದು.

ಇನ್ನು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಕಾರಿನಂಥ ಜಾಗದಲ್ಲಿ ಅದನ್ನು ಹಚ್ಚುವುದೆಂದರೆ ರಾತ್ರಿಯಿಡೀ ಹೊಗೆ ಕುಡಿದಂತೆ, ಬೆಂಕಿಯ ಭಯ ಬೇರೆ. ಹಳೆಯ ಸೊಳ್ಳೆ ಪರದೆಯನ್ನು ಕತ್ತರಿಸಿ, ಬಾಗಿಲ ಮೇಲಿನ ಚೌಕಟ್ಟಿಗೆ ಚೀಲದಂತೆ ತೊಡಿಸಿ ಬಾಗಿಲು ಮುಚ್ಚಿದರೆ ಸಾಕು. ಗಾಳಿ ಬರುತ್ತದೆ, ಸೊಳ್ಳೆ ಬರುವುದಿಲ್ಲ.

ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗಿದರೆ ಸಾಲದೇ?

ಅರ್ಧ ಗಂಟೆಯ ನಿದ್ದೆಗೆ ಸಾಕು. ಇಡೀ ರಾತ್ರಿಗೆ, ಅದರಲ್ಲೂ ಹಲವು ರಾತ್ರಿಗೆ ಒಳ್ಳೆಯದಲ್ಲ. 2004ರಲ್ಲಿ ಜಪಾನಿನ ನೀಗಾಟಾದಲ್ಲಿ ಭೂಕಂಪವಾದಾಗ, ಮನೆಯೊಳಗೆ ಹೋಗಲು ಹೆದರಿದ ಸಾವಿರಾರು ಜನ ಕಾರುಗಳಲ್ಲೇ ರಾತ್ರಿ ಕಳೆದರು. ಅವರಲ್ಲಿ ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಾವು ಸಂಭವಿಸಿತು. 2016ರ ಕುಮಾಮೊಟೊ ಭೂಕಂಪದ ನಂತರವೂ ಇದೇ ಮರುಕಳಿಸಿತು. ಕಾಲು ಇಳಿಬಿಟ್ಟು ಅಲುಗಾಡದೆ ಗಂಟೆಗಟ್ಟಲೆ ಕೂತಾಗ ರಕ್ತದ ಓಟ ನಿಧಾನವಾಗುವುದೇ ಇದಕ್ಕೆ ಕಾರಣ. 4 ಗಂಟೆ ಅಥವಾ ಅದಕ್ಕೂ ದೀರ್ಘ ಪ್ರಯಾಣದ ನಂತರ ಇಂಥ ಹೆಪ್ಪಿನ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಆರೋಗ್ಯವಂತರಲ್ಲಿ ಈ ಸಾಧ್ಯತೆ ಕಡಿಮೆಯೇ. ಆದರೆ ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಮೊದಲೇ ಹೆಪ್ಪುಗಟ್ಟಿದ ಇತಿಹಾಸ ಇರುವವರು ಹೆಚ್ಚು ಎಚ್ಚರವಾಗಿರಬೇಕು.

ಪರಿಹಾರ ಸುಲಭ. ಕಾಲು ಚಾಚಿ ಸಮತಟ್ಟಾಗಿ ಮಲಗಿ, ಸಾಕಷ್ಟು ನೀರು ಕುಡಿಯಿರಿ, ಎಚ್ಚರವಾದಾಗ ಒಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. "ರಾತ್ರಿ ಇಳಿಯಬೇಕಾಗುತ್ತದೆ" ಎಂದು ನೀರನ್ನೇ ಬಿಡುವುದು ಸರಿಯಲ್ಲ.

ಹಾಗಾದರೆ ಹಾಸಿಗೆ ಹೇಗಿರಬೇಕು?

ಮೊದಲು ಅಳತೆ. ಸೀಟು ಮಡಚಿ, ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಮನೆಯಲ್ಲೇ ಒಮ್ಮೆ ಮಲಗಿ ನೋಡಿ. ನೇರವಾಗಿ ಕಾಲು ಚಾಚಲಾಗದಿದ್ದರೆ ಕರ್ಣದಲ್ಲಿ, ಅಂದರೆ ಮೂಲೆಯಿಂದ ಮೂಲೆಗೆ ಮಲಗಿದರೆ ಒಂದಿಷ್ಟು ಉದ್ದ ಸಿಗುತ್ತದೆ.

ಸಮತಟ್ಟು. ಮಡಚಿದ ಸೀಟಿಗೂ ಡಿಕ್ಕಿಯ ನೆಲಕ್ಕೂ ನಡುವೆ ಏರುಪೇರು ಇದ್ದೇ ಇರುತ್ತದೆ. ತಗ್ಗಿಗೆ ಬಟ್ಟೆಯ ಚೀಲ ತುಂಬಿ, ಮೇಲೆ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ಎರಡು ಮೂರು ಇಂಚಿನ ಫೋಮ್ ಹಾಸಿಗೆ ಹಾಸಿ.

ಇಳಿಜಾರು. ಗಾಡಿ ನಿಲ್ಲಿಸುವಾಗ ಆದಷ್ಟು ಸಮವಾದ ಜಾಗ ನೋಡಿ. ಸಿಗದಿದ್ದರೆ ತಲೆ ಎತ್ತರದ ಕಡೆ ಬರಲಿ. ಕೈ ಬ್ರೇಕ್ ಹಾಕಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಚಳಿ ಬರುವುದು ಕೆಳಗಿನಿಂದ. ಗಾಳಿ ತುಂಬುವ ಹಾಸಿಗೆ ಮೆತ್ತಗಿದ್ದರೂ ಒಳಗಿನ ಗಾಳಿ ಸುತ್ತಾಡುತ್ತ ಮೈಯ ಬಿಸಿಯನ್ನು ಕೆಳಗೆ ಸಾಗಿಸುತ್ತದೆ. ಆದ್ದರಿಂದ ಹೊದೆಯಲು ಎರಡು ಇದ್ದರೆ ಒಂದನ್ನು ಹಾಸಿಕೊಳ್ಳಿ. ನಮ್ಮ ಕುರಿ ಉಣ್ಣೆಯ ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು.

ಸೆಕೆಯ ಊರಾದರೆ ಪವರ್ ಬ್ಯಾಂಕ್‌ನಿಂದ ಓಡುವ ಚಿಕ್ಕ ಫ್ಯಾನನ್ನು ಗಾಜಿನ ಸಂದಿಯ ಕಡೆ ಇಡಿ. ಕಾರಿನ ಬ್ಯಾಟರಿ ಬಳಸಿದರೆ ಬೆಳಗ್ಗೆ ಗಾಡಿ ತಳ್ಳಬೇಕಾದೀತು. ಬೆಳಗಿನ ಬಿಸಿಲು ಬೀಳದ ಕಡೆ ನಿಲ್ಲಿಸಿ, ಬಿಸಿಲೇರಿದ ಮೇಲೆ ಮಲಗಿದ ಮಕ್ಕಳನ್ನು ಒಳಗೇ ಬಿಟ್ಟು ಹೋಗಬೇಡಿ.

ಜಾಗ. ಹೆದ್ದಾರಿಯ ಅಂಚಿನಲ್ಲಿ ಮಲಗಬೇಡಿ, ಹಿಂದಿನಿಂದ ಬರುವ ಲಾರಿಗೆ ನೀವು ಕಾಣದೇ ಇರಬಹುದು. ಪೆಟ್ರೋಲ್ ಬಂಕ್, ಡಾಬಾ, ಹೋಂಸ್ಟೇಗಳಲ್ಲಿ ಕೇಳಿ ನಿಲ್ಲಿಸಿ. ಕಾಡಿನ ರಸ್ತೆಯಲ್ಲಂತೂ ನಿಲ್ಲಲೇಬೇಡಿ.

ಯಾರಾದರೂ ಎಚ್ಚರಗೊಳ್ಳದಿದ್ದರೆ

ಮೊದಲು ಇಂಜಿನ್ ಬಂದ್ ಮಾಡಿ, ಎಲ್ಲ ಬಾಗಿಲು ತೆರೆದು, ಅವರನ್ನು ಬಯಲಿಗೆ ತನ್ನಿ. 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಾಟ ಇಲ್ಲದಿದ್ದರೆ ಗೊತ್ತಿರುವವರು ಎದೆ ಒತ್ತುವ ಪ್ರಥಮ ಚಿಕಿತ್ಸೆ ಶುರು ಮಾಡಿ. "ಹೊಗೆಯ ನಡುವೆ ಇದ್ದರು" ಎಂದು ವೈದ್ಯರಿಗೆ ತಪ್ಪದೇ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ರಕ್ತದಲ್ಲಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂದು ಸಾಮಾನ್ಯ ಆಕ್ಸಿಮೀಟರಿಗೆ ಗೊತ್ತಾಗುವುದಿಲ್ಲ. ಬರೀ ಹೊರಗಿನ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. "ಸುಧಾರಿಸಿಕೊಂಡರು, ಇನ್ನು ಪರವಾಗಿಲ್ಲ" ಎಂದು ಸುಮ್ಮನಾಗದೆ ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು ಇದಕ್ಕಾಗಿಯೇ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

✔ ಮಲಗುವಾಗ ಇಂಜಿನ್ ಬಂದ್. ಗಾಜು ಇಳಿಸಿದ್ದರೂ ಬಂದ್.
✔ ಇಂಜಿನ್ ಬಂದ್ ಆದ ಮೇಲೆ ಎದುರುಬದುರಿನ ಗಾಜು ಎರಡು ಬೆರಳಷ್ಟು ಇಳಿಸಿ, ಪರದೆ ಹಾಕಿ.
✔ ಕೆಂಡ, ಗ್ಯಾಸ್, ಸೊಳ್ಳೆ ಬತ್ತಿ ಯಾವುದೂ ಒಳಗೆ ಬೇಡ.
✔ ಕಾಲು ಚಾಚಿ ಸಮತಟ್ಟಾಗಿ ಮಲಗಿ.
✘ ಡ್ಯಾಶ್‌ಬೋರ್ಡ್ ಬೆಂಜೀನ್ ಸಂದೇಶವನ್ನು ಅಲ್ಲೇ ನಿಲ್ಲಿಸಿ.

ಈ ವಾರಾಂತ್ಯ ಕಾರು ಹತ್ತಿ ಹೊರಟಿರುವ ಗೆಳೆಯರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರು ಹೊರಡುವ ಮೊದಲು ಇದು ಅವರ ಮೊಬೈಲಿಗೆ ತಲುಪಲಿ.