ಚಿತ್ರಕಥೆಯ ನಾಯಕನೂ ಬಾವಿಯ ಚಿರತೆಯೂ

ಅಮೆರಿಕದ ಪತ್ರಿಕೆಗಳಲ್ಲಿ ‘ಮಾರ್ಕ್ ಟ್ರೇಲ್’ ಎಂಬ ಚಿತ್ರಕಥೆಯೊಂದು 1946ರಿಂದ ಬರುತ್ತಿದೆ. ಎಡ್ ಡಾಡ್ ಎಂಬವರು ಹುಟ್ಟುಹಾಕಿದ ಇದರ ನಾಯಕ, ವನ್ಯಜೀವಿಗಳ ವಿಷಯವಾಗಿ ಲೇಖನ ಬರೆದು ಬಾಳುವವನು. ಈ ಕಥೆಗಳಿಗೊಂದು ಛಂದಸ್ಸಿದೆ; ಷಟ್ಪದಿಯಷ್ಟೇ ಕಟ್ಟುನಿಟ್ಟು. ಮೊದಲು ಪ್ರಾಣಿಯೊಂದು ಅಪಾಯಕ್ಕೆ ಸಿಲುಕಬೇಕು; ಅದಕ್ಕೆ ಕಾರಣನಾದ ಖಳ ಗಡ್ಡವನ್ನೋ ಮೀಸೆಯನ್ನೋ ಬಿಟ್ಟಿರಬೇಕು; ಮಾರ್ಕ್ ಅವನ ದವಡೆಗೊಂದು ಗುದ್ದು ಕೊಡಬೇಕು; ಪ್ರಾಣಿ ಕಾಡಿಗೆ ಓಡಬೇಕು. ದಿನಕ್ಕೆ ಮೂರು ನಾಲ್ಕು ಚೌಕಗಳಷ್ಟೇ ಆದ್ದರಿಂದ ಇಷ್ಟು ನಡೆಯಲು ವಾರಗಳೇ ಹಿಡಿಯುತ್ತವೆ.

ಇನ್ನೊಂದು ವಿನೋದವುಂಟು. ಚಿತ್ರಕಾರನಿಗೆ ಪ್ರಾಣಿಗಳ ಮೇಲೆ ಎಷ್ಟು ಪ್ರೀತಿಯೆಂದರೆ, ಅಳಿಲನ್ನು ಮುಂಭಾಗದಲ್ಲಿ ದೊಡ್ಡದಾಗಿ ಬರೆದು ಮನುಷ್ಯರನ್ನು ಹಿಂದೆಲ್ಲೋ ನಿಲ್ಲಿಸುತ್ತಾನೆ. ಮಾತಿನ ಗುಳ್ಳೆಯ ಬಾಲ ಕೊಂಚ ವಾಲಿದರೂ ಸಾಕು, ಕಳ್ಳರನ್ನು ಹಿಡಿಯುವ ಉಪಾಯವನ್ನು ಅಳಿಲೇ ಹೇಳಿದಂತಾಗುತ್ತದೆ. ದುರ್ಗಸಿಂಹನ ಪಂಚತಂತ್ರವನ್ನು ಪಾಠ ಮಾಡಿದ ನನಗೆ ಇದರಿಂದ ಗಾಬರಿಯೇನೂ ಆಗಲಿಲ್ಲ.

ಈ ಮಹಾಶಯ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಬಂದರೆ ಏನಾದೀತು? ಇಲ್ಲಿ ಪ್ರಾಣಿಗೆ ಒದಗುವ ಆಪತ್ತೆಂದರೆ ಬಹುಮಟ್ಟಿಗೆ ಬಾವಿ. ಚಿರತೆ ರಾತ್ರಿ ನಾಯಿಯನ್ನು ಅಟ್ಟಿಕೊಂಡು ಬರುತ್ತದೆ, ಕಟ್ಟೆಯಿಲ್ಲದ ತೋಟದ ಬಾವಿಗೆ ಬೀಳುತ್ತದೆ. ಹಾಗಾಗಿ ಮಾರ್ಕನಿಗೆ ನನ್ನ ಮೊದಲ ಹಿತವಚನ, ಅವನ ಸೇಂಟ್ ಬರ್ನಾರ್ಡ್ ನಾಯಿ ಆಂಡಿಯನ್ನು ರಾತ್ರಿ ಅಂಗಳದಲ್ಲಿ ಕಟ್ಟಬಾರದೆಂಬುದು. ಎರಡನೆಯದು, ಗುದ್ದಲು ಇಲ್ಲಿ ಯಾರೂ ಸಿಗುವುದಿಲ್ಲ. ಬಾವಿಯ ಯಜಮಾನರಿಗೆ ಮೀಸೆಯಿರಬಹುದು; ಆದರೆ ಅವರು ಬಂದವರಿಗೆಲ್ಲ ಬೆಲ್ಲ ನೀರು ಕೊಡುತ್ತಿರುತ್ತಾರೆ.

ಎತ್ತುವ ಕೆಲಸದಲ್ಲಿ ವೀರರಸಕ್ಕೆ ಎಡೆ ಕಡಿಮೆ. ಅರಿವಳಿಕೆಯ ಸೂಜಿ ಹೊಡೆದರೆ ಪ್ರಾಣಿ ನೀರಿನಲ್ಲೇ ಮುಳುಗಿ ಸಾಯಬಹುದು. ಅರಣ್ಯ ಇಲಾಖೆಯವರು ಬೋನನ್ನೋ ಬಲೆಯನ್ನೋ ಇಳಿಸುತ್ತಾರೆ. ಕೆಲವೊಮ್ಮೆ ಒಂದು ಏಣಿ ಇಳಿಸಿ, ದೀಪ ಆರಿಸಿ, ಎಲ್ಲರೂ ಮನೆಗೆ ಹೋದರೆ ಚಿರತೆ ತಾನೇ ಹತ್ತಿ ಹೋಗುತ್ತದೆ. ಎಲ್ಲರೂ ಮನೆಗೆ ಹೋಗುವುದೇ ಕಷ್ಟ! ಸುತ್ತ ಮುತ್ತಿದ ಜನಜಾತ್ರೆಗೆ ಅದು ಬೆದರುವಷ್ಟು ಬಾವಿಗೂ ಬೆದರಿರಲಾರದು.

ಚಿತ್ರಕಥೆ ಮುಗಿಯುವಲ್ಲಿ ನಿಜವಾದ ತೊಡಕು ತೊಡಗುತ್ತದೆ. ಬೋನು ಜೀಪಿಗೇರುವಾಗ ಊರವರ ಪ್ರಶ್ನೆ ಒಂದೇ: “ತುಂಬ ದೂರ ಬಿಡ್ತೀರಲ್ಲ ಮಾರಾಯ್ರೇ?” ನ್ಯಾಯವಾದ ಪ್ರಶ್ನೆಯೇ, ಹಟ್ಟಿಯಲ್ಲಿ ಕರುವಿದೆ, ಮಕ್ಕಳು ಶಾಲೆಗೆ ತೋಟದ ದಾರಿಯಲ್ಲೇ ನಡೆಯಬೇಕು. ಆದರೆ ಮಹಾರಾಷ್ಟ್ರದ ಜುನ್ನರದಲ್ಲಿ ಹೀಗೆ ಹಿಡಿದ ಚಿರತೆಗಳನ್ನು ದೂರದ ಕಾಡುಗಳಿಗೆ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿಗಳು, ಈ ಸ್ಥಳಾಂತರ ನಡೆದ 2001ರಿಂದ 2003ರವರೆಗಿನ ಅವಧಿಯಲ್ಲಿ 17ಕ್ಕೆ ಏರಿದವು. ಅಪರಿಚಿತ ನೆಲದಲ್ಲಿ ಇಳಿಸಿದ ಚಿರತೆ ತನ್ನ ಹಳೆಯ ಎಲ್ಲೆಯತ್ತ ಹೊರಡುತ್ತದೆ. ನಡುವೆ ಸಿಗುವುದೆಲ್ಲ ಮನುಷ್ಯರ ಊರುಗಳು.

ಬಾವಿಗೆ ಬಿದ್ದ, ಯಾರಿಗೂ ಕೇಡು ಮಾಡದ ಚಿರತೆಯನ್ನು ಆಸುಪಾಸಿನ ಕಾಡಿನಲ್ಲೇ ಬಿಡುವುದು ಮೇಲೆಂಬ ಮಾತು ಹೀಗೆ ಬಂದದ್ದು. ಇದನ್ನು ಜೀಪಿನ ಮುಂದೆ ನಿಂತವರಿಗೆ ಹೇಳಿ ಒಪ್ಪಿಸಲು ಹೋದರೆ ಮಾರ್ಕನ ಗುದ್ದು ನಿರುಪಯೋಗಿ. ಅಳಿಲಿನ ಕೈಯಲ್ಲಿ ಹೇಳಿಸಬಹುದೇನೋ.