ಹೊಸ್ತಿಲೂ ಎರೆಹೊಲವೂ

ಗದಗಿನಿಂದ ಹೊಸಪೇಟೆಯ ಕಡೆಗೆ ಸಾಗುವ ರೈಲು ತಳಕಲ್ಲಿನಲ್ಲಿ ನಿಂತಾಗ, ಕಿಟಕಿಯಾಚೆಯ ಎರೆಹೊಲದಲ್ಲಿ ಸಾಲುಹಿಡಿದು ಕಳೆ ಕೀಳುವ ಹೆಂಗಸರನ್ನು ಕಂಡು, ನಮ್ಮ ಕಾದಂಬರಿಗಳು ಸ್ತ್ರೀಸ್ವಾತಂತ್ರ್ಯವನ್ನು ಬಹುಕಾಲ ಹೊಸ್ತಿಲಿನ ಪ್ರಶ್ನೆಯಾಗಿಯೇ ಭಾವಿಸಿದುವಲ್ಲವೆ ಎಂಬ ಜಿಜ್ಞಾಸೆ ನನ್ನಲ್ಲಿ ಮೂಡುತ್ತದೆ.

ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ 1913ರಲ್ಲಿ ಬರೆದ ‘ಸುಶೀಲೆ’ಯ ನಾಯಕಿ, ಸಹನೆಯೇ ಮೂರ್ತಿವೆತ್ತಂತಿರುವ ಪತಿವ್ರತೆ. ಇಂದಿನ ಓದುಗರಿಗೆ ಆ ಆದರ್ಶ ನಗೆ ತರಬಹುದು. ಆದರೆ ಅದನ್ನು ಬರೆದಾಕೆ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ವತಃ ಕಟ್ಟಿ, ತಾನೇ ಪ್ರಕಾಶಕಿಯಾದಳೆಂಬುದನ್ನು ನಗುವವರು ಮರೆಯಲಾಗದು. ನಾಯಕಿ ಒಳಮನೆಯಲ್ಲಿದ್ದಾಗಲೇ ಲೇಖಕಿ ಅಂಗಳಕ್ಕಿಳಿದಿದ್ದಳು. ಮುಂದೆ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ, ಬಾಣಂತಿಯಾಗಿದ್ದಾಗ ಚಿತ್ತಭ್ರಮೆಗೊಳಗಾಗಿ, ಸ್ವಸ್ಥಳಾಗಿ ಮನೆಗೆ ಮರಳಿದರೂ, ಸುತ್ತಲಿನವರ ಶಂಕೆಯ ದೃಷ್ಟಿಯೇ ಅವಳನ್ನು ಮತ್ತೆ ಹುಚ್ಚಿಗೆ ನೂಕುತ್ತದೆ. ಆ ಲೇಖಕಿ 1963ರಲ್ಲಿ, 34ರ ಪ್ರಾಯದಲ್ಲಿ, ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು.

ತಲೆಮಾರುಗಳು ಪರಸ್ಪರ ವಿರುದ್ಧವಾಗಿಯೇ ನಿಲ್ಲುತ್ತವೆಂದು ನಂಬಿದವರು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು (1976) ಓದಬೇಕು, ತಲೆ ಬೋಳಿಸಿಕೊಳ್ಳಲೊಲ್ಲೆನೆಂದ ಎಳೆಯ ವಿಧವೆಯ ಪಕ್ಷವನ್ನು ಅಲ್ಲಿ, ಜೀವಮಾನವೆಲ್ಲ ಮಡಿಯಲ್ಲಿ ಸವೆದ ಮುದುಕಿಯೇ ವಹಿಸುತ್ತಾಳೆ.

ಆದರೂ ಇವರೆಲ್ಲ ಹೊಸ್ತಿಲುಳ್ಳ ಮನೆಯವರು. ಕಲಬುರ್ಗಿಯ ಗಿರಣಿ ಕೂಲಿಕಾರನ ಮಗಳಾದ ಗೀತಾ ನಾಗಭೂಷಣರು ತಮ್ಮ ಸೀಮೆಯ ಆಡುನುಡಿಯನ್ನೇ ಹಿಡಿದು ‘ಬದುಕು’ ಕೃತಿಯನ್ನು ಬರೆದಾಗ, ದುಡಿಯುವ ತಳಸಮುದಾಯದ ಹೆಂಗಸು ಕನ್ನಡ ಕಾದಂಬರಿಯ ನಡುಮನೆಗೆ ಬಂದಳು. ಹೊಲವೂ ಬೀದಿಯೂ ಅವಳಿಗೆ ಯಾರೂ ದಯಪಾಲಿಸಿದ ಸ್ವಾತಂತ್ರ್ಯವಲ್ಲ, ಹೊಟ್ಟೆ ಹೇರಿದ ಕಟ್ಟಳೆ. ಹೊರಗೆ ಬರುವುದಲ್ಲ, ಹೊರಗೆ ದುಡಿದದ್ದರ ಮೇಲೂ ತನ್ನ ಮೈಯ ಮೇಲೂ ತನಗೇ ಅಧಿಕಾರವಿರುವುದು ಅವಳ ಆದರ್ಶ. ಈ ಕೃತಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕನ್ನಡದ ಲೇಖಕಿಯೊಬ್ಬಳಿಗೆ ಆ ಗೌರವ ಸಂದದ್ದು ಅದೇ ಮೊದಲು. ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ದೊರೆತಾಗ ನಾವು ಸಂಭ್ರಮಿಸಿದೆವು, ಅದು ಯುಕ್ತವೇ. ಆದರೆ ನಮ್ಮದೇ ಸೀಮೆಯ ಗೀತಾರನ್ನು ನಾವು ಸಾಕಷ್ಟು ಓದಲಿಲ್ಲವೆಂಬುದು ನನ್ನ ಅಭಿಪ್ರಾಯ.

ತಳಕಲ್ಲಿನಿಂದ ಕಲಬುರ್ಗಿ ಜಿಲ್ಲೆಯ ವಾಡಿಗೆ ಹೊಸ ರೈಲುಮಾರ್ಗ ಕವಲೊಡೆದಿದೆ. ಅದು ಪೂರ್ಣಗೊಂಡ ದಿನ ಆ ಕಡೆ ಹೊರಡುವ ಓದುಗರು ‘ಬದುಕು’ ಕೃತಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ, ಕಿಟಕಿಯ ಬದಿಯ ಸೀಟು ದೊರೆತರೆ ಇನ್ನೂ ಒಳಿತು.