ಜೇಬು ಖಾಲಿ, ಮೆಸ್ ಬಾಕಿ: ಊಟಕ್ಕೇನು ದಾರಿ?

ತಿಂಗಳ ಕೊನೆ. ಊರಿಂದ ದುಡ್ಡು ಬಂದಿಲ್ಲ, ರೂಮಲ್ಲಿರೋದು ಅರ್ಧ ಪ್ಯಾಕೆಟ್ ಅವಲಕ್ಕಿ. ಶಾಲೆಯ ಬಿಸಿಯೂಟ ಹತ್ತನೇ ಕ್ಲಾಸಿಗೇ ಮುಗೀತು. ಹಸಿವಿಗೇನು ಗೊತ್ತು, ನೀವೀಗ ಡಿಗ್ರಿ ಅಂತ?

ಮೊದಲು ಇವತ್ತಿನ ಹೊಟ್ಟೆ ನೋಡ್ಕೊಳ್ಳೋಣ. ಬೆಂಗಳೂರಲ್ಲಿದ್ರೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಇದೆ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಮೂರು ಹೊತ್ತೂ ಅಲ್ಲೇ ತಿಂದ್ರೂ 25. ರೇಷನ್ ಕಾರ್ಡ್ ತೋರಿಸಿ ಅನ್ನಲ್ಲ. ಟೋಕನ್ ತಗೊಳ್ಳಿ, ತಟ್ಟೆ ಹಿಡೀರಿ. ಆದ್ರೆ ಬೇಗ ಹೋಗಿ, ತಡವಾದ್ರೆ ಪಾತ್ರೆ ಖಾಲಿ.

ನಮ್ಮ ತಾತಂದಿರ ಕಾಲದಲ್ಲಿ ಓದೋ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಜಾತಿ ನೋಡಿ ಎಲೆ ಹಾಕ್ತಿದ್ರು ಅನ್ನೋದೂ ನಿಜಾನೇ. ಕ್ಯಾಂಟೀನ್ ಸಾಲಲ್ಲಿ ಆ ಪ್ರಶ್ನೆ ಇಲ್ಲ.

ಇನ್ನು ಮುಂದಿನ ತಿಂಗಳುಗಳ ಮಾತು. ನೀವು ಹಿಂದುಳಿದ ವರ್ಗದವರಾಗಿದ್ದು, ಸರ್ಕಾರಿ ಹಾಸ್ಟೆಲಲ್ಲಿ ಸೀಟು ಸಿಗದಿದ್ರೆ ಸರ್ಕಾರದ ವಿದ್ಯಾಸಿರಿ ಯೋಜನೆ ನೋಡಿ: ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಪಿಜಿ ಬಾಡಿಗೆಗೆ ಇದು ಎಲ್ಲಿ ಸಾಕಾಗುತ್ತೆ, ಬಿಡಿ. ಊಟದ ಖರ್ಚಿಗಂತೂ ಆಗುತ್ತೆ. ಅರ್ಜಿ ಆನ್‌ಲೈನಲ್ಲಿ. ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಈಗಲೇ ಸರಿ ಮಾಡಿಟ್ಕೊಳ್ಳಿ. ಕೊನೆ ದಿನ ಸರ್ವರ್ ಡೌನ್ ಅಂದ್ರೆ ಯಾರನ್ನ ಕೇಳ್ತೀರಿ?